ತಾಲೂಕು ಪೇಟೆವರೆಗೆ ಬಂದ ಪಾರ್ಸೆಲ್ ಮನೆಗೆ ಯಾಕೆ ಬರೋದಿಲ್ಲ? ಮಲೆನಾಡಿನ ಪಿನ್ ಕೋಡ್‌ಗಳಿಗೆ ಡೆಲಿವರಿ, ಅದರ ಖರ್ಚು

ಮಳೆಕಾಡು:
ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಿಗೆ ಆನ್‌ಲೈನಲ್ಲಿ ಸಾಮಾನು ತರಿಸೋರು, ಇಲ್ಲಿಂದ ಹೊರಗೆ ಕಳಿಸೋರು ಇಬ್ಬರನ್ನೂ ಕೇಳ್ತಿದೀನಿ. ಬೆಂಗಳೂರಲ್ಲಿ ಸಂಜೆ ಲಾರಿ ಹತ್ತಿದ ಪಾರ್ಸೆಲ್ ಬೆಳಗಾಗೋದರೊಳಗೆ ಶಿವಮೊಗ್ಗದಲ್ಲಿರತ್ತೆ. ಅಲ್ಲಿಂದ ತೀರ್ಥಹಳ್ಳಿಗೆ 60 ಕಿ.ಮೀ., ಅದೂ ಒಂದು ದಿನದ ಮಾತು. ಪೇಟೆಯಿಂದ 12 ಕಿ.ಮೀ. ಒಳಗಿರೋ ಮನೆಗೆ ಬರೋಕೆ ಮಾತ್ರ ನಾಲ್ಕೈದು ದಿನ. ಕೆಲವು ಸಲ ಬರೋದೇ ಇಲ್ಲ. ಮನೆ ತುಂಬ ಜನ ಇದ್ದರೂ 'ಗ್ರಾಹಕರು ಸಿಗಲಿಲ್ಲ' ಅಂತ ಷರಾ ಬರೆದು ಮಾಲು ವಾಪಸ್ ಹೋಗತ್ತೆ. ಅದರ ಮೇಲೆ 150 ರೂಪಾಯಿ ಸಾಮಾನಿಗೆ 80 ರೂಪಾಯಿ ಸಾಗಾಣಿಕೆ.

ಯಾವ ದಾರಿಯಲ್ಲಿ ತರಿಸಿದ್ರೆ ನಂಬಬಹುದು? ಆ ಸುಳ್ಳು ಷರಾಕ್ಕೆ ಏನು ಮಾಡ್ಬೇಕು? ಖರ್ಚು ಎಲ್ಲಿ ಇಳಿಸಬಹುದು? ಗೊತ್ತಿರೋರು ವಿವರವಾಗಿ ಬರೀರಿ.

ಗಾಂಧಿಬಜಾರ್:
ತೊಂದರೆ ಇರೋದು ಕೊನೇ ಹಂತದಲ್ಲಿ. ಬೆಂಗಳೂರು–ಶಿವಮೊಗ್ಗ ಲಾರಿಯಲ್ಲಿ ಸಾವಿರಾರು ಪಾರ್ಸೆಲ್ ಒಟ್ಟಿಗೆ ಬರ್ತಾವೆ, ಒಂದೊಂದರ ತಲೆ ಮೇಲೆ ಬೀಳೋ ಖರ್ಚು ಕೆಲವೇ ರೂಪಾಯಿ. ಶಿವಮೊಗ್ಗದಲ್ಲಿ ಪಾರ್ಸೆಲ್ ವಿಂಗಡಿಸೋ ಹಬ್‌ನಿಂದ ತಾಲೂಕು ಪೇಟೆಗೆ ಸಣ್ಣ ವ್ಯಾನ್. ತಾಲೂಕಿನಲ್ಲಿ ಬಹಳಷ್ಟು ಕಡೆ ಕಂಪನಿಯ ಸ್ವಂತ ಆಫೀಸಿಲ್ಲ, ಫ್ರಾಂಚೈಸಿ ತಗೊಂಡ ಅಂಗಡಿಯವರು ಇರ್ತಾರೆ. ಅವರ ಕೈಕೆಳಗಿನ ಹುಡುಗನಿಗೆ ಸಾಮಾನ್ಯವಾಗಿ ಪಾರ್ಸೆಲ್ ಲೆಕ್ಕದಲ್ಲಿ ದುಡ್ಡು, ಪೆಟ್ರೋಲ್ ಅವನದೇ.

ಈಗ ಲೆಕ್ಕ ಹಾಕಿ. 12 ಕಿ.ಮೀ. ಒಳಗೆ ಒಂದೇ ಪಾರ್ಸೆಲ್ ಇದ್ರೆ ಹೋಗಿ ಬರೋಕೆ 24 ಕಿ.ಮೀ. ಲೀಟರಿಗೆ 45 ಕೊಡೋ ಬೈಕ್ ಆದ್ರೂ ಅರ್ಧ ಲೀಟರ್ ಮೇಲೆ ಬೇಕು. ಪೆಟ್ರೋಲ್ ಲೀಟರಿಗೆ ನೂರರ ಮೇಲಿದೆ. ಅಂದ್ರೆ 50-55 ರೂಪಾಯಿ ಬರೀ ಎಣ್ಣೆಗೆ. ಪೇಟೆಯೊಳಗೆ ಅಷ್ಟು ಹೊತ್ತಲ್ಲಿ ಹದಿನೈದು ಮನೆ ಮುಗಿಸಬಹುದು. ಹಾಗಾಗಿ ಅದೇ ದಿಕ್ಕಿಗೆ ನಾಲ್ಕೈದು ಪಾರ್ಸೆಲ್ ಸೇರೋವರೆಗೆ ನಿಮ್ಮದು ಅಂಗಡಿಯಲ್ಲೇ ಕೂತಿರತ್ತೆ.

ಷರಾ ವಿಷಯ. ಸಂಜೆ ಚೀಲದಲ್ಲಿ ಉಳಿದ ಪ್ರತಿ ಪಾರ್ಸೆಲ್‌ಗೂ ಆ್ಯಪಲ್ಲಿ ಒಂದು ಕಾರಣ ಒತ್ತಲೇಬೇಕು. ಅಲ್ಲಿರೋ ಆಯ್ಕೆ ಕೆಲವೇ: ಗ್ರಾಹಕರು ಸಿಗಲಿಲ್ಲ, ವಿಳಾಸ ಸರಿಯಿಲ್ಲ, ಬೇರೆ ದಿನ ಕೇಳಿದ್ದಾರೆ, ಬೇಡ ಅಂದರು. 'ದೂರ, ಇವತ್ತು ಆ ಕಡೆ ಹೋಗ್ಲಿಲ್ಲ' ಅನ್ನೋ ಆಯ್ಕೆ ಇರೋದಿಲ್ಲ.

ತುಂಗಾತೀರ:
ಅದು ನಮ್ಮ ತಲೆನೋವಾ ಮಾರಾಯ್ರೆ? ಪಿನ್ ಹಾಕಿ ನೋಡಿದಾಗ 'ಡೆಲಿವರಿ ಇದೆ' ಅಂತ ತೋರಿಸಿ ದುಡ್ಡು ತಗೊಂಡಿದ್ದಾರೆ. ಹುಡುಗನಿಗೆ ಕಮ್ಮಿ ಕೊಟ್ಟು ಅವನನ್ನೂ ಬೈಸ್ತಾರೆ, ನಮ್ಮನ್ನೂ ಕಾಯಿಸ್ತಾರೆ. ಆಗಲ್ಲ ಅಂದ್ರೆ ಮೊದಲೇ ಆಗಲ್ಲ ಅನ್ಲಿ.

ಗಾಂಧಿಬಜಾರ್:
ನಿಮ್ಮ ಸಿಟ್ಟು ಸರಿ ಇದೆ, ಹುಡುಗನ ಮೇಲೆ ತಿರುಗಬಾರದು ಅಂತಷ್ಟೇ ಹೇಳಿದ್ದು. ಪಿನ್ ಕೋಡ್ ಅನ್ನೋದು ಒಂದು ಊರಿನದ್ದಲ್ಲ, ಒಂದು ಬಟವಾಡೆ ಅಂಚೆ ಕಚೇರಿಯ ವ್ಯಾಪ್ತಿ. 577432 ಅಂದ್ರೆ ತೀರ್ಥಹಳ್ಳಿ ಪೇಟೆಯೂ ಹೌದು, ಅದರ ಸುತ್ತಲಿನ ಹತ್ತಾರು ಹಳ್ಳಿಗಳೂ ಹೌದು. ಪೇಟೆಗೆ ಹೋಗೋಕಾದ್ರೆ ಸಾಕು, ಸಾಫ್ಟ್‌ವೇರ್ ಇಡೀ ಪಿನ್‌ಗೆ 'ಇದೆ' ಅಂತ ತೋರಿಸತ್ತೆ.

ಅಂಚೆಚೀಲ:
ಪಿನ್ ವಿಷಯ ಬಂತಲ್ಲ, ಇಲ್ಲೇ ಒಂದು ಎಚ್ಚರಿಕೆ. ತುಂಬ ಜನ ತಾಲೂಕಿನ ಪಿನ್ ಹಾಕ್ತಾರೆ, ತಮ್ಮ ಊರಿನದ್ದು ಹಾಕಲ್ಲ. ಆಗುಂಬೆ ಅಂಚೆಯ ಹಳ್ಳಿಯವರು 577411 ಹಾಕಬೇಕು, ತಾಲೂಕು ತೀರ್ಥಹಳ್ಳಿ ಅಂತ 577432 ಹಾಕಿದ್ರೆ ಚೀಲ ಮೊದಲು ತೀರ್ಥಹಳ್ಳಿಯಲ್ಲಿ ಇಳಿಯತ್ತೆ. ರಿಪ್ಪನ್‌ಪೇಟೆ 577426, ಹೊಸನಗರ 577418. ಇವೆರಡನ್ನ ಅದಲು ಬದಲು ಮಾಡಿದ್ರೆ ಒಂದೆರಡು ದಿನ ಸುಮ್ಮನೆ ಹೋಗತ್ತೆ. ನಿಮ್ಮ ಶಾಖಾ ಅಂಚೆ ಕಚೇರಿ ಯಾವ ಉಪ ಅಂಚೆ ಕಚೇರಿಗೆ ಸೇರಿದೆ ಅಂತ ಪೋಸ್ಟ್‌ಮಾಸ್ಟರ್ ಹತ್ತಿರ ಒಂದು ಸಲ ಕೇಳಿ ಬರೆದಿಟ್ಕೊಳ್ಳಿ.

ಹಳ್ಳಿ ಮನೆಗೆ ನನ್ನ ಉತ್ತರ ಅಂಚೆಯೇ. ಕಾರಣ ಸರಳ. ಕೊರಿಯರಿನವನು ಪೇಟೆಯಿಂದ ಹೊರಡಬೇಕು, ಹಳ್ಳಿಗೆ ಅಂಚೆ ಹಂಚೋ ಡಾಕ್ ಸೇವಕ್ ನಿಮ್ಮ ಊರಲ್ಲೇ ಇರ್ತಾರೆ. ಬೆಳಿಗ್ಗೆ ಉಪ ಕಚೇರಿಯಿಂದ ಶಾಖೆಗೆ ಚೀಲ ಹೇಗೂ ಹೋಗಲೇಬೇಕು, ಅದರಲ್ಲಿ ನಿಮ್ಮ ಪಾರ್ಸೆಲ್ ಒಂದಿದ್ರೂ ಹೋಗತ್ತೆ, ಹತ್ತಿದ್ರೂ ಹೋಗತ್ತೆ. ಮನೆ ಯಾವುದು, ದಣಪೆ (ಬೇಲಿಯ ಗೇಟು) ದಾಟಿ ಎಡಕ್ಕಾ ಬಲಕ್ಕಾ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗೊತ್ತಿರಬೇಕಾದ ಮಿತಿಯೂ ಇದೆ. ಶಾಖಾ ಕಚೇರಿ ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ತೆರೆದಿರತ್ತೆ. ಬಟವಾಡೆ ಆಗದೆ ಉಳಿದದ್ದನ್ನು ಸಾಮಾನ್ಯವಾಗಿ ಏಳು ದಿನ ಇಟ್ಟು ವಾಪಸ್ ಕಳಿಸ್ತಾರೆ. ದೊಡ್ಡ ಪೆಟ್ಟಿಗೆ ಆದ್ರೆ ಸೈಕಲ್ಲಿನಲ್ಲಿ ಹೊರೋಕಾಗಲ್ಲ, ನೀವೇ ಹೋಗಿ ತರಬೇಕು.

ಕಳಿಸೋರಿಗೆ: ಸ್ಪೀಡ್ ಪೋಸ್ಟ್ ದರ 2025ರ ಅಕ್ಟೋಬರ್ 1ರಿಂದ ಬದಲಾಗಿದೆ. 50 ಗ್ರಾಂವರೆಗೆ ಸ್ಥಳೀಯ 19, ಹೊರ ಊರಿಗೆ 47 ರೂಪಾಯಿ. 251ರಿಂದ 500 ಗ್ರಾಂಗೆ 200 ಕಿ.ಮೀ. ಒಳಗೆ 70, 500 ಕಿ.ಮೀ. ಒಳಗೆ 75. ಇದರ ಮೇಲೆ 18% ಜಿಎಸ್‌ಟಿ. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿ.ಮೀ., ಅಂದ್ರೆ ಅರ್ಧ ಕೆಜಿಗೆ 88.50. ಇನ್ನು 5 ರೂಪಾಯಿ ಜಾಸ್ತಿ ಕೊಟ್ರೆ ಓಟಿಪಿ ಕೇಳಿಯೇ ಕೊಡೋ ವ್ಯವಸ್ಥೆ ಇದೆ.

ಹಾಳೆತಟ್ಟೆ:
ಅಂಚೆಚೀಲ ಅವರೇ, ಒಂದು ತಿದ್ದುಪಡಿ. ನೀವು ಕೊಟ್ಟ ದರ ದಾಖಲೆ ಪತ್ರಗಳ ಸ್ಪೀಡ್ ಪೋಸ್ಟಿನದ್ದು. ಸಾಮಾನಿನ ಪಾರ್ಸೆಲ್ ದರಪಟ್ಟಿ ಬೇರೆ. ಇದನ್ನ ನೋಡಿ ಯಾರಾದ್ರೂ ಜೇನಿನ ಬಾಟಲಿಗೆ 88 ರೂಪಾಯಿ ಅಂತ ಗಿರಾಕಿಗೆ ಹೇಳಿಬಿಟ್ರೆ ಕಷ್ಟ. ಪೆಟ್ಟಿಗೆ ಕಟ್ಟಿ ಕೌಂಟರಿಗೆ ಒಯ್ದು ತೂಗಿಸಿ ಕೇಳಿದ್ದೇ ಸರಿಯಾದ ದರ.

ಅಂಚೆಚೀಲ:
ಹೌದು, ಆ ಪಟ್ಟಿ ದಾಖಲೆಗಳದ್ದು. ಬರೆಯುವಾಗ ಸ್ಪಷ್ಟ ಮಾಡಬೇಕಿತ್ತು. ಜೊತೆಗೆ ಇನ್ನೊಂದು: ಹಳೇ ರಿಜಿಸ್ಟರ್ಡ್ ಪೋಸ್ಟ್ ಈಗ ಬೇರೆ ಸೇವೆಯಾಗಿ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. 'ರಿಜಿಸ್ಟರ್ ಮಾಡಿ ಕಳಿಸಿ' ಅಂತ ಕೇಳೋ ಗಿರಾಕಿಗಳಿಗೆ ಇದನ್ನ ಹೇಳಿ. ಟ್ರ್ಯಾಕಿಂಗ್ ಸಂಖ್ಯೆ 13 ಸ್ಥಾನದ್ದು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್. ಗಿರಾಕಿಗೆ ರಸೀದಿಯ ಫೋಟೋನೇ ಕಳಿಸಿ, ಕೈಯಲ್ಲಿ ಟೈಪ್ ಮಾಡೋಕೆ ಹೋದ್ರೆ ಒಂದಂಕಿ ತಪ್ಪೋದು ಸಾಮಾನ್ಯ.

ಜಂಬಗಾರು:
ಮಲೆನಾಡಲ್ಲಿ ಡೆಲಿವರಿ ತಪ್ಪೋಕೆ ಮೊದಲ ಕಾರಣ ದೂರ ಅಲ್ಲ, ಸಿಗ್ನಲ್. ಯಾರೂ ಹೇಳ್ಲಿಲ್ಲ ಅದನ್ನ. ಹುಡುಗ ಪೇಟೆಯಿಂದ ಹೊರಡೋ ಮುಂಚೆ ಒಂದು ಕಾಲ್ ಮಾಡ್ತಾನೆ. 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅಂತ ಬಂತು ಅಂದ್ರೆ ನಿಮ್ಮ ಪಾರ್ಸೆಲ್ ಆ ದಿನದ ಚೀಲಕ್ಕೇ ಬೀಳಲ್ಲ. ಅವನ ಕಡೆಯಿಂದ ನೋಡಿದ್ರೆ 'ಸಿಗಲಿಲ್ಲ' ಅನ್ನೋ ಷರಾ ಸುಳ್ಳೂ ಅಲ್ಲ.

ಮನೆಗೆ ಫೈಬರ್ ಇಂಟರ್‌ನೆಟ್ ಇದ್ರೆ ಫೋನಿನ ಸೆಟ್ಟಿಂಗ್ಸಲ್ಲಿ ಸಿಮ್ ವಿಭಾಗಕ್ಕೆ ಹೋಗಿ 'ವೈ-ಫೈ ಕಾಲಿಂಗ್' ಆನ್ ಮಾಡಿ. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ. ಟವರ್ ಸಿಗದಿದ್ರೂ ಕಾಲ್ ವೈ-ಫೈ ಮೇಲೆ ಬರತ್ತೆ, ಓಟಿಪಿ ಎಸ್ಸೆಮ್ಮೆಸ್ಸೂ ಬಹುಪಾಲು ಬರತ್ತೆ. ಕರೆಂಟ್ ಹೋದ್ರೆ ರೌಟರ್ ಹೋಗತ್ತೆ, ಮಳೆಗಾಲದಲ್ಲಿ ಇದೇ ದೊಡ್ಡ ತೊಡಕು. ರೌಟರಿಗೆ ಸಿಗೋ ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿದ್ರೆ ಕೆಲವು ಗಂಟೆ ನಡೆಯತ್ತೆ. ಕೊಳ್ಳೋ ಮುಂಚೆ ರೌಟರ್ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟ್, ಆಂಪ್ ಎರಡೂ ನೋಡಿ. ಪಿನ್ ಗಾತ್ರ ಕೂಡ.

ಫೈಬರ್ ಇಲ್ಲದವರು ವಿಳಾಸದ ಎರಡನೇ ಸಾಲಲ್ಲೇ ಇನ್ನೊಂದು ನಂಬರ್ ಬರೀರಿ, ಪೇಟೆಯಲ್ಲಿ ಕೆಲಸ ಮಾಡೋರದ್ದೋ ನೆಂಟರದ್ದೋ. ಆ್ಯಪಿನ 'ಪರ್ಯಾಯ ನಂಬರ್' ಖಾನೆಯಲ್ಲಿ ಹಾಕಿದ್ದು ಎಷ್ಟೋ ಸಲ ಲೇಬಲ್ ಮೇಲೆ ಅಚ್ಚಾಗಲ್ಲ, ವಿಳಾಸದ ಸಾಲಲ್ಲಿದ್ದದ್ದು ಆಗತ್ತೆ.

ಕಾಫಿಕಣ:
ವಿಳಾಸ ಬರೆಯೋ ಕ್ರಮವನ್ನೂ ಸೇರಿಸ್ತೀನಿ. ಲೇಬಲ್ಲಿನಲ್ಲಿ ಉದ್ದ ವಿಳಾಸದ ಬಾಲ ಕತ್ತರಿಸಿ ಹೋಗತ್ತೆ. ಅದಕ್ಕೇ ಮುಖ್ಯವಾದ್ದು ಮೊದಲು ಬರಲಿ: ಹೆಸರು, ಮನೆ ಹೆಸರು, ಊರು, ಬಸ್ ನಿಲ್ಲೋ ಕ್ರಾಸ್, ಅಂಚೆ, ತಾಲೂಕು. 'ಶಾಲೆ ಹತ್ತಿರ' ಅಂತ ಬರೆದ್ರೆ ಪ್ರಯೋಜನ ಇಲ್ಲ, ಪ್ರತಿ ಊರಲ್ಲೂ ಶಾಲೆ ಇದೆ. 'ಇಂಥ ರಸ್ತೆಯಲ್ಲಿ ಇಷ್ಟನೇ ಕಿ.ಮೀ. ಕಲ್ಲು, ಸಂಕ (ಕಾಲುಸೇತುವೆ) ದಾಟಿ ಬಲಕ್ಕೆ' ಅಂತ ಬರೆದ್ರೆ ಹೊಸಬನಿಗೂ ಸಿಗತ್ತೆ.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ. ದೇಶವನ್ನ ಸುಮಾರು 4 ಮೀಟರ್ ಉದ್ದ ಅಗಲದ ಚೌಕಗಳಾಗಿ ಭಾಗ ಮಾಡಿ, ಒಂದೊಂದಕ್ಕೂ 10 ಅಕ್ಷರ-ಅಂಕಿಗಳ ಗುರುತು. ಮನೆ ಅಂಗಳದಲ್ಲಿ ನಿಂತು ಇಲಾಖೆಯ ಜಾಲತಾಣದಲ್ಲಿ ಲೊಕೇಶನ್ ಕೊಟ್ರೆ ಸಿಗತ್ತೆ. ಒಂಟಿ ಮನೆಗಳಿಗೆ ಇದು ಒಳ್ಳೇ ಉಪಾಯ.

ತುಂಗಾತೀರ:
ಡಿಜಿಪಿನ್ ಬರೆದ್ರೆ ಕೊರಿಯರ್ ಹುಡುಗ ಅದನ್ನ ತೆರೆದು ನೋಡ್ತಾನಾ? ಅವನಿಗೆ ಬೇಕಾಗಿರೋದು ಗೂಗಲ್ ಮ್ಯಾಪಿನ ಲೊಕೇಶನ್. ಫೋನ್ ಬಂದ ಕೂಡಲೇ ವಾಟ್ಸಾಪಲ್ಲಿ ಅದನ್ನ ಕಳಿಸಿ. ಮೊದಲೇ ಸೇವ್ ಮಾಡಿಟ್ಕೊಳ್ಳಿ, ಕಾಡಿನ ನಡುವೆ ಜಿಪಿಎಸ್ ಕೂಡ ತಪ್ಪು ತೋರಿಸತ್ತೆ.

ಕಾಫಿಕಣ:
ಅದೂ ಸರಿ. ಎರಡೂ ಬರೀಲಿ.

ಕಳಸವಳ್ಳಿಕಡೆ:
ಶರಾವತಿ ಹಿನ್ನೀರಿನ ಆಚೆ ದಡದವರ ಪಾಡು ಇನ್ನೂ ಬೇರೆ. ಅಂಬಾರಗೋಡ್ಲು–ಕಳಸವಳ್ಳಿ ಲಾಂಚ್ ಇದ್ದ ಕಾಲದಲ್ಲಿ ಡೆಲಿವರಿ ವ್ಯಾನು ಆಚೆ ಬರಬೇಕಂದ್ರೆ ಸರದಿಯಲ್ಲಿ ನಿಲ್ಲಬೇಕು, ಸಂಜೆ ಕೊನೇ ಲಾಂಚಿನ ಹೊತ್ತಿಗೆ ವಾಪಸ್ ದಾಟಬೇಕು. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು, 2.44 ಕಿ.ಮೀ. ಉದ್ದದ್ದು. ತುಮರಿ, ಬ್ಯಾಕೋಡು ಕಡೆಗೆ ಈಗ ವ್ಯಾನ್ ಬರೋಕೆ ಅಡ್ಡಿ ಇಲ್ಲ. ಆದರೆ ರಸ್ತೆ ಆದ ಮಾತ್ರಕ್ಕೆ ಕಂಪನಿಗಳ ಪಿನ್ ಪಟ್ಟಿ ತಾನಾಗಿ ಬದಲಾಗಲ್ಲ. ತಾಲೂಕು ಫ್ರಾಂಚೈಸಿಯವರು 'ಈ ಊರುಗಳಿಗೆ ನಾವು ಹೋಗ್ತೀವಿ' ಅಂತ ಮೇಲಕ್ಕೆ ಬರೆದು ಕಳಿಸಬೇಕು. ಊರವರು ಸೇರಿ ಸಾಗರದಲ್ಲಿ ಫ್ರಾಂಚೈಸಿ ಇಟ್ಟವರ ಹತ್ತಿರ ಹೋಗಿ, ವಾರಕ್ಕೆ ಎಷ್ಟು ಪಾರ್ಸೆಲ್ ಬರ್ತಾವೆ ಅಂತ ಲೆಕ್ಕ ತೋರಿಸಿ ಕೇಳಿದ್ರೆ ವಾರಕ್ಕೆರಡು ದಿನದ ಸರದಿಯಾದ್ರೂ ಗೊತ್ತು ಮಾಡಿಸಬಹುದು. ದಿನಾ ಬಾ ಅಂತ ಹಟ ಹಿಡಿಯೋದಕ್ಕಿಂತ ಮಂಗಳವಾರ, ಶುಕ್ರವಾರ ಬಾ ಅಂದ್ರೆ ಅವನಿಗೂ ಗಿಟ್ಟತ್ತೆ.

ಮಳೆಕಾಡು:
ಈ ಸರದಿ ಉಪಾಯ ಚೆನ್ನಾಗಿದೆ. ಷರಾ ಬಿದ್ದ ಮೇಲೆ ಏನು ಮಾಡ್ಬೇಕು ಅಂತ ಯಾರಾದ್ರೂ ಹೇಳಿ.

ಹಾಳೆತಟ್ಟೆ:
ಮಾರೋರ ಕಡೆಯಿಂದ ಹೇಳ್ತೀನಿ. ಜನ ಮಾಡೋ ತಪ್ಪು ಅಂದ್ರೆ ಕೊರಿಯರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡ್ತಾ ಕೂರೋದು. ಕೊರಿಯರಿಗೆ ಗಿರಾಕಿ ನೀವಲ್ಲ, ಮಾರಾಟಗಾರ. ದುಡ್ಡು ಕೊಟ್ಟಿರೋದು ಅವನು. ಡೆಲಿವರಿ ಆಗದ ಪಾರ್ಸೆಲ್‌ಗಳ ಪಟ್ಟಿ ದಿನಾ ಮಾರಾಟಗಾರನ ಖಾತೆಗೆ ಬರತ್ತೆ. ಅದಕ್ಕೆ ಎನ್‌ಡಿಆರ್ ಅಂತಾರೆ. 'ಮತ್ತೆ ಪ್ರಯತ್ನಿಸಿ', 'ಈ ನಂಬರಿಗೆ ಫೋನ್ ಮಾಡಿ', 'ಗ್ರಾಹಕರೇ ಬಂದು ಒಯ್ಯುತ್ತಾರೆ' ಅಂತ ಸೂಚನೆ ಕೊಡೋ ಅಧಿಕಾರ ಅವನದ್ದು. ಅವನು ಸುಮ್ಮನಿದ್ರೆ ಸಾಮಾನ್ಯವಾಗಿ ಮೂರು ಪ್ರಯತ್ನದ ಷರಾ ತುಂಬಿದ ಮೇಲೆ ಮಾಲು ವಾಪಸ್.

ಆದ್ದರಿಂದ ಮೊದಲ ಷರಾ ಬಿದ್ದ ದಿನವೇ ಮಾರಾಟಗಾರನಿಗೆ ಬರೀರಿ. ಆರ್ಡರ್ ಸಂಖ್ಯೆ, ಆ ದಿನ ಯಾವ ಕರೆಯೂ ಬಂದಿಲ್ಲ ಅಂತ ಕಾಲ್ ಲಾಗಿನ ಸ್ಕ್ರೀನ್‌ಶಾಟ್, ಪರ್ಯಾಯ ನಂಬರ್, ಬೇಕಾದ ದಿನ. ದೊಡ್ಡ ತಾಣಗಳಲ್ಲಿ ಮಾರಾಟಗಾರ ನೇರ ಸಿಗದಿದ್ರೆ ಆ ತಾಣದ ಚಾಟಿನಲ್ಲೇ ಇಷ್ಟನ್ನೂ ಹಾಕಿ. ಮೂರನೇ ದಿನ ಎದ್ದು ಕೇಳಿದ್ರೆ ಪಾರ್ಸೆಲ್ ಅಷ್ಟೊತ್ತಿಗೆ ವಾಪಸ್ ಚೀಲದಲ್ಲಿರತ್ತೆ, ತಿರುಗಿಸೋಕಾಗಲ್ಲ.

ನೀವೇ ಹೋಗಿ ತರೋದಾದ್ರೆ ಬೆಳಿಗ್ಗೆ ವ್ಯಾನ್ ಬಂದು ಚೀಲ ಬಿಚ್ಚೋ ಹೊತ್ತಿಗೆ ಹೋಗಿ, ಇಲ್ಲಾ ಸಂಜೆ 5ರ ಮೇಲೆ ಹೋಗಿ. ನಡುಹಗಲಲ್ಲಿ ಹೋದ್ರೆ ಪಾರ್ಸೆಲ್ ಯಾರದೋ ಬೈಕಿನ ಮೇಲೆ ಇನ್ನೊಂದು ದಿಕ್ಕಿನಲ್ಲಿರತ್ತೆ. ಟ್ರ್ಯಾಕಿಂಗ್ ಸಂಖ್ಯೆ, ಗುರುತಿನ ಚೀಟಿ, ಓಟಿಪಿ ಬರೋ ಫೋನ್ ಜೊತೆಗಿರಲಿ. ಅಂಗಡಿಗೆ ಕಾಲಿಟ್ಟ ಮೇಲೆ ಓಟಿಪಿ ತರಿಸ್ಕೊಳ್ಳಿ, ಅದಕ್ಕೆ ಅವಧಿ ಇರತ್ತೆ.

ಗಾಂಧಿಬಜಾರ್:
ಇದಕ್ಕೆ ಸೇರಿಸೋದು: ಫೋನಲ್ಲಿ ಯಾರಾದ್ರೂ 'ಪಾರ್ಸೆಲ್ ಬಂದಿದೆ, ಓಟಿಪಿ ಹೇಳಿ' ಅಂದ್ರೆ ಹೇಳಬೇಡಿ. ಡೆಲಿವರಿ ಓಟಿಪಿ ಕೊಡೋದು ಪೆಟ್ಟಿಗೆ ಕೈಗೆ ಬಂದ ಮೇಲೆ. ಮೆಸೇಜಿನಲ್ಲಿ ಬ್ಯಾಂಕಿನ ಹೆಸರೋ ದುಡ್ಡಿನ ಮೊತ್ತವೋ ಇದ್ರೆ ಅದು ಡೆಲಿವರಿ ಓಟಿಪಿಯೇ ಅಲ್ಲ. 'ವಿಳಾಸ ಸರಿಪಡಿಸಲು 5 ರೂಪಾಯಿ ಕಟ್ಟಿ' ಅನ್ನೋ ಲಿಂಕ್ ಬಂದ್ರೂ ಮುಟ್ಟಬೇಡಿ.

ಮನೆಯಲ್ಲಿ ಹಿರಿಯರು ಮಾತ್ರ ಇರೋ ಕಡೆ ಇನ್ನೊಂದು ಮೋಸ ಇದೆ: ಯಾರೂ ತರಿಸದ ಪಾರ್ಸೆಲ್ ಕ್ಯಾಶ್ ಆನ್ ಡೆಲಿವರಿಯಲ್ಲಿ ಬರತ್ತೆ. ಮಗನೋ ಮಗಳೋ ತರಿಸಿರಬೇಕು ಅಂತ 500, 800 ಕೊಟ್ಟು ಇಳಿಸ್ಕೊಳ್ತಾರೆ. ಮೊದಲೇ ಫೋನ್ ಮಾಡಿ ಹೇಳದ ಪಾರ್ಸೆಲ್‌ಗೆ ದುಡ್ಡು ಕೊಡಬೇಡಿ ಅಂತ ಮನೆಯಲ್ಲಿ ಒಂದು ನಿಯಮ ಮಾಡಿ.

ತುಂಗಾತೀರ:
ಹಾಗಂತ ಕ್ಯಾಶ್ ಆನ್ ಡೆಲಿವರಿಯೇ ಬೇಡ ಅನ್ನೋದನ್ನ ಒಪ್ಪಲ್ಲ. ಹಳ್ಳಿಯವರಿಗೆ ಇರೋ ಒಂದೇ ಹಿಡಿತ ಅದು. ಮಾಲು ಬಾರದಿದ್ರೆ ದುಡ್ಡು ಕೈಯಲ್ಲೇ ಇರತ್ತೆ.

ಹಾಳೆತಟ್ಟೆ:
ನಾನು ಬೇಡ ಅನ್ನೋನೇ. ಗಿರಾಕಿ ಬೇಡ ಅಂದ ಪಾರ್ಸೆಲ್‌ಗೆ ಮಾರೋನು ಹೋಗೋ ಸಾಗಾಣಿಕೆ, ಬರೋ ಸಾಗಾಣಿಕೆ ಎರಡೂ ಕಟ್ಟಬೇಕು. ನಗದು ವಸೂಲಿ ಶುಲ್ಕ ಬೇರೆ. 300 ರೂಪಾಯಿ ಮಾಲಿನಲ್ಲಿ ಆಗೋ ಲಾಭ ಒಂದು ವಾಪಸಾತಿಗೇ ಹೋಗತ್ತೆ. ಆ ನಷ್ಟವನ್ನ ಮುಂದಿನ ಗಿರಾಕಿಯ ಬೆಲೆಯಲ್ಲಿ ಸೇರಿಸದೆ ಗತಿಯಿಲ್ಲ. ನಡುವಿನ ದಾರಿ: ಅರ್ಧದಷ್ಟೋ ಸಾಗಾಣಿಕೆಯಷ್ಟೋ ಮುಂಗಡ, ಉಳಿದದ್ದು ಮಾಲು ಬಂದಾಗ. ನೇರ ಮಾರೋ ಸಣ್ಣ ವ್ಯಾಪಾರಿಗಳು ಇದಕ್ಕೆ ಒಪ್ತಾರೆ, ಕೇಳಿ ನೋಡಿ.

ಖರ್ಚಿನ ಮೂಲಕ್ಕೆ ಬರ್ತೀನಿ, ಇದನ್ನ ಕಳಿಸೋರೆಲ್ಲ ಓದಬೇಕು. ಕೊರಿಯರಿನವರು ಹಿಡಿಯೋದು ತಕ್ಕಡಿಯ ತೂಕ ಮತ್ತು ಗಾತ್ರದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನ. ಗಾತ್ರದ ತೂಕ ಅಂದ್ರೆ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸೋದು. ಆಮೇಲೆ ಮುಂದಿನ ಅರ್ಧ ಕೆಜಿಗೆ ಏರಿಸ್ತಾರೆ. ಹಾಳೆ ತಟ್ಟೆಯಂಥ ಹಗುರ ಮಾಲಿಗೆ ಪೆಟ್ಟು ಬೀಳೋದು ಇಲ್ಲೇ. ಎರಡೂವರೆ ಕೆಜಿ ತೂಗೋ 10 ಇಂಚಿನ ತಟ್ಟೆಗಳ ಕಟ್ಟನ್ನ 30×30×35 ಪೆಟ್ಟಿಗೆಗೆ ಹಾಕಿದ್ರೆ 31,500 ಭಾಗಿಸು 5000, ಅಂದ್ರೆ 6.3. ಬಿಲ್ಲು 6.5 ಕೆಜಿಗೆ. ಅದೇ ಕಟ್ಟನ್ನ ಬಿಗಿಯಾಗಿ 27×27×32ರಲ್ಲಿ ಕೂರಿಸಿದ್ರೆ 4.67, ಬಿಲ್ಲು 5 ಕೆಜಿಗೆ. ಪೆಟ್ಟಿಗೆ ಮೂರು ಸೆಂ.ಮೀ. ಕುಗ್ಗಿಸಿದ್ದಕ್ಕೆ ಒಂದೂವರೆ ಕೆಜಿ ಸಾಗಾಣಿಕೆ ಉಳೀತು. ಕೆಲವು ಕಂಪನಿಗಳು 5000 ಬದಲು 4000ದಿಂದ ಭಾಗಿಸ್ತಾವೆ, ಆಗ ಮೊದಲ ಪೆಟ್ಟಿಗೆ 7.9 ಆಗಿ 8 ಕೆಜಿಗೆ ಏರತ್ತೆ. ಒಪ್ಪಂದ ಮಾಡೋ ಮುಂಚೆ ಭಾಜಕ ಎಷ್ಟು ಅಂತ ಕೇಳಿ. ಕೆಜಿಗೆ ಎಷ್ಟು ಅಂತ ಮಾತ್ರ ಕೇಳಿದ್ರೆ ಮೋಸ ಹೋಗ್ತೀರಿ.

ಇನ್ನೊಂದು, ಹಬ್‌ನಲ್ಲಿ ಅಳೆಯೋದು ಯಂತ್ರ. ಪೆಟ್ಟಿಗೆ ಹೊಟ್ಟೆ ಉಬ್ಬಿದ್ರೆ ಉಬ್ಬಿದ ಜಾಗದ ಅಳತೆ ಹಿಡಿಯತ್ತೆ. ತುಂಬಿದ ಮೇಲೆ ಮುಚ್ಚಳ ಚಪ್ಪಟೆ ಕೂರಬೇಕು. ಟೇಪಿನ ಅಳತೆಯ ಜೊತೆ ಮೂರು ಬದಿಯ ಫೋಟೋ, ತಕ್ಕಡಿ ಮೇಲೆ ಇಟ್ಟ ಫೋಟೋ ತೆಗೆದಿಡಿ. ತೂಕ ಜಾಸ್ತಿ ಅಂತ ದುಡ್ಡು ಕಡಿತ ಆದ್ರೆ ತಕರಾರು ಹಾಕೋಕೆ ಕೆಲವೇ ದಿನ ಕೊಡ್ತಾರೆ. ಫೋಟೋ ಇಲ್ಲದಿದ್ರೆ ತಕರಾರು ನಿಲ್ಲಲ್ಲ.

ಜೋನಿಬೆಲ್ಲ:
ಜೇನು, ಜೋನಿ ಬೆಲ್ಲ, ಉಪ್ಪಿನಕಾಯಿ ಕಳಿಸೋರಿಗೆ ಇದೇ ಅರ್ಧ ಕೆಜಿ ಲೆಕ್ಕದಲ್ಲಿ ಒಂದು ಮಾತು. ಅರ್ಧ ಕೆಜಿ ಜೇನು ಅಂತ ಮಾರಿದ್ರೆ ಬಾಟಲಿ, ಪೆಟ್ಟಿಗೆ ಸೇರಿ 600 ಗ್ರಾಂ ದಾಟತ್ತೆ, ಬಿಲ್ಲು ಒಂದು ಕೆಜಿಗೆ. ಅದರ ಬದಲು 400 ಗ್ರಾಂ ಹಾಕಿದ್ರೆ ಪ್ಯಾಕಿಂಗ್ ಸೇರಿ ಅರ್ಧ ಕೆಜಿ ಒಳಗೇ ಮುಗಿಯತ್ತೆ. ದೊಡ್ಡದು ಬೇಕಂದ್ರೆ 850 ಗ್ರಾಂ. ಜೇನು ನೀರಿಗಿಂತ ಸುಮಾರು 1.4 ಪಟ್ಟು ಭಾರ, 400 ಗ್ರಾಂಗೆ 300 ಮಿ.ಲೀ. ಬಾಟಲಿ ಸಾಕು.

ಸೋರೋದು ಎಲ್ಲಿಂದ ಅಂದ್ರೆ ಯಾವಾಗಲೂ ಮುಚ್ಚಳದಿಂದ. 'ಈ ಬದಿ ಮೇಲೆ' ಅಂತ ಬಾಣ ಹಾಕಿದ್ರೆ ಯಾರೂ ನೋಡಲ್ಲ, ಬೆಲ್ಟಿನ ಮೇಲೆ ಪೆಟ್ಟಿಗೆ ಉರುಳಿಕೊಂಡೇ ಹೋಗತ್ತೆ. ಹಾಗಾಗಿ ತಲೆಕೆಳಗಾದ್ರೂ ಸೋರದ ಹಾಗೆ ಕಟ್ಟಬೇಕು. ಬಾಯಿಗೆ ಶಾಖದಿಂದ ಅಂಟೋ ಫಾಯಿಲ್ ಸೀಲ್. ಮುಚ್ಚಳ ಬಿಗಿ ಮಾಡಿ, ಬಿಗಿಯಾಗೋ ದಿಕ್ಕಿಗೇ ಟೇಪು ಸುತ್ತಿ. ಒಂದೊಂದು ಬಾಟಲಿಗೂ ಬೇರೆ ಬೇರೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಬಬಲ್ ಶೀಟ್ ಎರಡು ಸುತ್ತು. ಒಂದು ರಾತ್ರಿ ಬಾಟಲಿಯನ್ನ ತಲೆಕೆಳಗೆ ಮಾಡಿ ಕಾಗದದ ಮೇಲೆ ಇಡಿ. ಬೆಳಿಗ್ಗೆ ಕಾಗದ ಒಣಗಿದ್ರೆ ಮಾತ್ರ ಕಳಿಸಿ.

ಅಪ್ಪೆಮಿಡಿ, ಅಂದ್ರೆ ಉಪ್ಪಿನಕಾಯಿಯ ಮಾವಿನ ಮಿಡಿ, ಬೇರೆ ಕಥೆ. ಹೊಸದಾಗಿ ಉಪ್ಪಿಗೆ ಹಾಕಿದ ಮಿಡಿ ಇನ್ನೂ ಹುಳಿಯಾಗ್ತಿರತ್ತೆ, ಗ್ಯಾಸ್ ಬರತ್ತೆ. ಅದನ್ನ ಕಂಠಪೂರ್ತಿ ತುಂಬಿ ಸೀಲ್ ಮಾಡಿ ಬಿಸಿಲಿನ ಲಾರಿಯಲ್ಲಿ ಕಳಿಸಿದ್ರೆ ಸೀಲ್ ಉಬ್ಬಿ ಬಿರಿಯತ್ತೆ. ಪೂರ್ತಿ ಕಳಿತ ಮೇಲೆ, ಮೇಲ್ಗಡೆ ಎರಡು ಬೆರಳು ಜಾಗ ಬಿಟ್ಟು ತುಂಬಿ. ಸೋರಿದ್ರೆ ನಿಮ್ಮ ಪಾರ್ಸೆಲ್ ಒಂದೇ ಅಲ್ಲ, ಅದೇ ಚೀಲದಲ್ಲಿದ್ದ ಬೇರೆಯವರ ಪುಸ್ತಕ, ಬಟ್ಟೆ ಎಲ್ಲ ಹಾಳು.

ಕಾಫಿಕಣ:
ಮಳೆಗಾಲದ ಪ್ಯಾಕಿಂಗೂ ಹೇಳಿ ಯಾರಾದ್ರೂ. ಜೂನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಂದ ಹೋಗೋ ಪೆಟ್ಟಿಗೆಗಳು ಮೆತ್ತಗಾಗೋದು ಎಲ್ಲರ ತಲೆನೋವು.

ಜೋನಿಬೆಲ್ಲ:
ರಟ್ಟು ತೇವ ಹೀರಿದ್ರೆ ಬಲ ಕಳ್ಕೊಳ್ಳತ್ತೆ, ಮೇಲೆ ಭಾರ ಬಿದ್ದ ಕೂಡಲೇ ಕುಸಿಯತ್ತೆ. ಅದಕ್ಕೆ ಮಳೆಗಾಲಕ್ಕೆ ಮೂರು ಪದರದ ಪೆಟ್ಟಿಗೆ ಸಾಲದು, ಐದು ಪದರದ್ದು ಬಳಸಿ. ಖಾಲಿ ಪೆಟ್ಟಿಗೆಗಳನ್ನ ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ, ಅಟ್ಟದ ಮೇಲೋ ಹಲಗೆ ಮೇಲೋ ಇರಲಿ. ತೇವದ ರಟ್ಟಿಗೆ ಟೇಪು ಹಿಡಿಯಲ್ಲ. ಅಂಟಿದ ಹಾಗೆ ಕಂಡು ದಾರಿಯಲ್ಲಿ ಬಿಟ್ಕೊಳ್ಳತ್ತೆ. ಒಲೆ ಹತ್ತಿರ ಸ್ವಲ್ಪ ಹೊತ್ತು ಒಣಗಿಸಿ ಕಟ್ಟಿ. ನಡುವಿನ ಸೀಳಿನ ಮೇಲೆ ಒಂದು, ಎರಡೂ ತುದಿಯ ಅಂಚಿಗೆ ಒಂದೊಂದು, ಹೀಗೆ ಮೇಲೂ ಕೆಳಗೂ. ಹೊರಗಡೆ ಕೊರಿಯರ್ ಪ್ಲಾಸ್ಟಿಕ್ ಚೀಲ.

ವಿಳಾಸ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ರೆ ಒಂದು ಹನಿಗೆ ಹರಿದು ಹೋಗತ್ತೆ. ಲೇಸರ್ ಪ್ರಿಂಟ್ ಇಲ್ಲಾ ಬಾಲ್‌ಪೆನ್. ಪೆಟ್ಟಿಗೆಯೊಳಗೂ ಒಂದು ಚೀಟಿಯಲ್ಲಿ ಎರಡೂ ವಿಳಾಸ, ಫೋನ್ ನಂಬರ್ ಬರೆದು ಹಾಕಿ. ಹೊರಗಿನ ಲೇಬಲ್ ಕಿತ್ತು ಹೋದ ಪಾರ್ಸೆಲ್ ಮಾಲೀಕನಿಗೆ ಸೇರೋ ದಾರಿ ಅದೊಂದೇ.

ಅಂಚೆಚೀಲ:
ಮಳೆಗಾಲದಲ್ಲಿ ದಿನಗಳ ಲೆಕ್ಕವನ್ನೂ ಸಡಿಲ ಮಾಡ್ಕೊಳ್ಳಿ. ದರೆ ಕುಸಿದು ರಸ್ತೆ ಮುಚ್ಚತ್ತೆ, ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸ್ತಾರೆ. ಮಂಗಳೂರು, ಉಡುಪಿ ಕಡೆಯಿಂದ ಬರೋ ಮಾಲಿಗೆ ಸುತ್ತು ದಾರಿ. ಕೆಡೋ ಸಾಮಾನನ್ನ ವಾರದ ಕೊನೆಗೆ ಕಳಿಸಬೇಡಿ, ಭಾನುವಾರ ಗೋದಾಮಲ್ಲಿ ಕೂರತ್ತೆ. ಸೋಮವಾರ, ಮಂಗಳವಾರ ಕಳಿಸಿ.

ಕೊಪ್ಪದಕಡೆ:
ಇಷ್ಟೆಲ್ಲ ಯಾಕೆ, ಬಸ್ಸಿಗೆ ಹಾಕಿ ಕಳಿಸಿದ್ರೆ ಅದೇ ದಿನ ಬರತ್ತೆ. ಸಹಕಾರ ಸಾರಿಗೆ ಇದ್ದಾಗ ಕೊಪ್ಪ, ಶೃಂಗೇರಿ ಕಡೆ ಬಸ್ಸೇ ಕೊರಿಯರ್ ಆಗಿತ್ತು. ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಂಸ್ಥೆ, 2020ರಲ್ಲಿ ನಿಂತುಹೋಯ್ತು. ಅದರ ಜಾಗ ಇವತ್ತಿಗೂ ಯಾವ ಆ್ಯಪೂ ತುಂಬಿಲ್ಲ.

ಜಂಬಗಾರು:
ಬಸ್ಸು ಒಳ್ಳೇದೇ, ಸಸಿ, ಬಳ್ಳಿ, ಬಿಡಿಭಾಗ ತುರ್ತಿಗೆ ಬೇಕಾದಾಗ. ಆದರೆ ಖಾಸಗಿ ಬಸ್ಸಲ್ಲಿ ರಸೀದಿ ಇಲ್ಲ, ಕಳೆದ್ರೆ ಕೇಳೋಕೆ ಆಧಾರ ಇಲ್ಲ. ಬಸ್ಸಿನ ಹೆಸರು, ನಂಬರ್, ಹೊರಟ ಹೊತ್ತು, ಕಂಡಕ್ಟರ್ ಫೋನ್ ಇಷ್ಟನ್ನ ತಗೊಂಡು ಇಳಿಸ್ಕೊಳ್ಳೋರಿಗೆ ಕೂಡಲೇ ತಿಳಿಸಿ. ರಸೀದಿ ಬೇಕಂದ್ರೆ ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೊ' ಇದೆ, 2021ರಿಂದ. ನಿಲ್ದಾಣದಿಂದ ನಿಲ್ದಾಣಕ್ಕೆ, ಹೋಗಿ ಬಿಡಿಸ್ಕೋಬೇಕು.

ವಕೀಲಿ577201:
ಕಾನೂನಿನ ಕಡೆಯಿಂದ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ತಾಣದಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ಉತ್ತರಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಚಾಟಿನಲ್ಲಿ ಬರೆದದ್ದು ಸಾಲದು, ಆ ಅಧಿಕಾರಿಯ ಇಮೇಲಿಗೆ ಬರೀರಿ. ಅದಕ್ಕೂ ಬಗ್ಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಷ್ಟೋ ಹಣ ವಾಪಸಾತಿಗಳು ಇಲ್ಲೇ ಮುಗೀತಾವೆ.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಮಾರಾಟಗಾರ ದೆಹಲಿಯವನಾದ್ರೂ ಶಿವಮೊಗ್ಗದಲ್ಲೇ. ಮಾಲಿನ ಬೆಲೆ 5 ಲಕ್ಷದವರೆಗೆ ಶುಲ್ಕ ಇಲ್ಲ. ವಕೀಲರನ್ನ ಇಡಲೇಬೇಕು ಅಂತೇನೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲಲ್ಲಿ ಮನೆಯಿಂದಲೇ ಆಗತ್ತೆ.

ಪೆಟ್ಟಿಗೆ ಬಿಚ್ಚೋವಾಗ ವಿಡಿಯೊ ತೆಗೀರಿ, ನಡುವೆ ನಿಲ್ಲಿಸಬಾರದು. ಮೊದಲು ಲೇಬಲ್ ಓದೋ ಹಾಗೆ, ಆಮೇಲೆ ಆರೂ ಬದಿ, ಟೇಪು, ಆಮೇಲೆ ಬಿಚ್ಚೋದು. ಮೊಬೈಲ್, ವಾಚಿನಂಥದ್ದಕ್ಕೆ ಒಳಗಿನ ಸೀರಿಯಲ್ ನಂಬರ್ ಕಾಣಬೇಕು. ಪೆಟ್ಟಿಗೆ, ಟೇಪು ಯಾವುದನ್ನೂ ಎಸೀಬೇಡಿ.

ತುಂಗಾತೀರ:
ಅಂಚೆಯಲ್ಲಿ ಕಳೆದ್ರೂ ಇದೇ ದಾರಿಯಾ?

ವಕೀಲಿ577201:
ಅಲ್ಲಿ ಹೊಣೆಗೆ ಮಿತಿ ಇದೆ. ಸ್ಪೀಡ್ ಪೋಸ್ಟ್ ಕಳೆದ್ರೆ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಯಾವುದು ಕಮ್ಮಿಯೋ ಅದು. ಹಾಗಾಗಿ ಬೆಲೆ ಬಾಳೋದಾದ್ರೆ ಕೌಂಟರಲ್ಲೇ ವಿಮೆ ಕೇಳಿ. ಇಲಾಖೆಯ ದೂರಿನ ಸಂಖ್ಯೆ 1800 266 6868. ಖಾಸಗಿ ಕೊರಿಯರ್ ರಸೀದಿಯ ಹಿಂದೆಯೂ ಸಣ್ಣ ಅಕ್ಷರದಲ್ಲಿ ಇಂಥದ್ದೇ ಮಿತಿ ಅಚ್ಚಾಗಿರತ್ತೆ, ಸಹಿ ಮಾಡೋ ಮುಂಚೆ ಓದಿ.

ಮಳೆಕಾಡು:
ತುಂಬ ಉಪಯೋಗ ಆಯ್ತು. ಒಂದು ಬಾಕಿ: ಅಡಿಕೆ ಕೊನೆ ಕೊಯ್ಲಿಗೆ ಫೈಬರ್ ದೋಟಿ (ಉದ್ದ ಕೋಲು), ಔಷಧಿ ಹೊಡೆಯೋ ಪೈಪು, ಮೈಲುತುತ್ತ ಇವನ್ನ ಆನ್‌ಲೈನಲ್ಲಿ ತರಿಸಬಹುದಾ?

ಹಾಳೆತಟ್ಟೆ:
ದೋಟಿ ಮಡಚಿದ್ರೂ ಉದ್ದ. ಬೈಕಿನಲ್ಲಿ ಬರಲ್ಲ, ಹಬ್‌ನ ಬೆಲ್ಟಿನ ತಿರುವಲ್ಲಿ ಸಿಕ್ಕಿ ಸೀಳತ್ತೆ, ಜೊತೆಗೆ ಗಾತ್ರದ ತೂಕ. ಲಾರಿ ಟ್ರಾನ್ಸ್‌ಪೋರ್ಟಲ್ಲಿ ಶಿವಮೊಗ್ಗ ಇಲ್ಲಾ ಸಾಗರದ ಗೋದಾಮಿಗೆ 'ಟು ಪೇ' (ಬಿಡಿಸ್ಕೊಳ್ಳೋವಾಗ ಬಾಡಿಗೆ ಕೊಡೋದು) ಹಾಕಿಸಿ, ಎರಡೂ ತುದಿಗೆ ಪಿವಿಸಿ ಪೈಪಿನ ಕವಚ ಹಾಕೋಕೆ ಹೇಳಿ. ಬಿಡಿಸ್ಕೊಳ್ಳೋ ಮುಂಚೆ ಗೋದಾಮಲ್ಲೇ ಒಂದೊಂದು ತುಂಡನ್ನೂ ಎಳೆದು ಬಿರುಕು ನೋಡಿ. ಬಿರುಕಿದ್ರೆ ಬಿಲ್ಟಿ (ಲಾರಿ ರಸೀದಿ) ಮೇಲೆ ಬರೆಸದೆ ಸಹಿ ಹಾಕಬೇಡಿ, ಆಮೇಲೆ ಯಾರೂ ಒಪ್ಪಲ್ಲ.

ಜಂಬಗಾರು:
ಮೈಲುತುತ್ತ ಬೇಡ. ರಾಸಾಯನಿಕ ಅಂತ ಹಬ್‌ನಲ್ಲೇ ತಡೀತಾರೆ, ಸೊಸೈಟಿಯಲ್ಲೇ ತಗೊಳ್ಳಿ. ಬ್ಯಾಟರಿ ಸ್ಪ್ರೇಯರ್ ಆದ್ರೆ ತರಿಸಬಹುದು. ಆದರೆ ಲಿಥಿಯಂ ಬ್ಯಾಟರಿ ಇರೋದನ್ನ ವಿಮಾನದಲ್ಲಿ ಹಾಕೋಕೆ ನಿರ್ಬಂಧ ಇದೆ, ಹೆಚ್ಚಾಗಿ ರಸ್ತೆಯಲ್ಲೇ ಬರತ್ತೆ. ಕೊಯ್ಲಿಗೋ ಔಷಧಿಗೋ ಎರಡು ವಾರ ಮುಂಚೆ ಆರ್ಡರ್ ಹಾಕಿ.